ಮಸ್ಕತ್‌ಗೆ ಒಬ್ಬಳೇ ಬಂದಿದ್ದೇನೆ. ನಾಳೆ ಶುಕ್ರವಾರ, ಎಲ್ಲ ಬಂದ್. ಏನು ಮಾಡಲಿ?

ಬಿಸಿಲೂರು_ಹುಡುಗಿ (ಕಲಬುರಗಿ) · ಗುರುವಾರ ರಾತ್ರಿ 10:40

ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಕೇಳಲೇಬೇಕಾಗಿದೆ.

ಎಳ್ಳಮಾಸಿ ಮುಗಿಸಿಕೊಂಡು ನಿನ್ನೆ ರಾತ್ರಿ ಹೈದರಾಬಾದಿನಿಂದ ಮಸ್ಕತ್‌ಗೆ ಬಂದಿಳಿದೆ. ಒಬ್ಬಳೇ. ಜೊತೆಗೆ ಬರುತ್ತೇವೆ ಎಂದಿದ್ದ ಇಬ್ಬರಲ್ಲಿ ಒಬ್ಬಳಿಗೆ ರಜೆ ಸಿಗಲಿಲ್ಲ, ಇನ್ನೊಬ್ಬಳಿಗೆ ಮಗು ನೋಡಿಕೊಳ್ಳಲು ಅತ್ತೆ ಸಿಗಲಿಲ್ಲ. ಟಿಕೆಟ್ ದುಡ್ಡು ವಾಪಸ್ ಬರುವುದಿಲ್ಲ ಎಂದು ಗೊತ್ತಾದ ಮೇಲೆ ನಾನೊಬ್ಬಳೇ ಹೊರಟೆ. 34 ವರ್ಷ, ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ. ಪಾಸ್‌ಪೋರ್ಟಿನಲ್ಲಿ ಇದೇ ಮೊದಲ ಸೀಲು.

ಇನ್ನೊಂದು ಮಾತು, ನಗಬೇಡಿ. ನಾನು ಸಮುದ್ರ ನೋಡಿದ್ದೂ ಇವತ್ತೇ ಮೊದಲು. ಗೋಕರ್ಣಕ್ಕೆ ಮೂರು ಸಲ ಬ್ಯಾಗು ತುಂಬಿ ಮೂರು ಸಲವೂ ಬಿಚ್ಚಿಟ್ಟಿದ್ದೇನೆ.

ಊರು ಹೇಗಿದೆ ಅಂದರೆ, ಒಂದು ಕಡೆ ಇಲ್ಲ. ಈ ಕಡೆ ಸಮುದ್ರ, ಆ ಕಡೆ ಹುಲ್ಲುಕಡ್ಡಿಯೂ ಇಲ್ಲದ ಕಂದು ಗುಡ್ಡ, ನಡುವೆ ಸಿಕ್ಕ ಜಾಗದಲ್ಲಿ ಉದ್ದಕ್ಕೆ ಮಲಗಿದೆ. ಮನೆಗಳೆಲ್ಲ ಬಿಳಿ, ಹೆಚ್ಚು ಎತ್ತರವಿಲ್ಲ. ದುಬೈ ಫೋಟೋ ನೋಡಿ ಬಂದವರಿಗೆ ಇದೇನು ಇಷ್ಟೇನಾ ಅನ್ನಿಸಬಹುದು. ನನಗೆ ಹಿಡಿಸಿತು. ಆದರೆ ನನ್ನ ಲಾಡ್ಜು "ಸಮುದ್ರದ ಹತ್ತಿರ" ಎಂದು ಬುಕ್ ಮಾಡಿದ್ದು. ನಕ್ಷೆಯಲ್ಲಿ ಹತ್ತಿರವೇ ಇದೆ. ನಡುವೆ ಒಂದು ಹೆದ್ದಾರಿ ಇದೆ, ದಾಟಬೇಕಾದರೆ ರೆಕ್ಕೆ ಬೇಕು.

ಇವತ್ತು ಮಧ್ಯಾಹ್ನ ಒಂದಕ್ಕೆ ಮತ್ರಾ ಬಜಾರಿಗೆ ಹೋದೆ. ಎಲ್ಲ ಶಟರ್ ಎಳೆದಿದ್ದರು. ನಾಲ್ಕರ ತನಕ ಊರೇ ನಿದ್ದೆ. ಮೂರು ಗಂಟೆ ಸಮುದ್ರದ ಕಟ್ಟೆ ಮೇಲೆ ಕೂತಿದ್ದೆ. ಕಬ್ಬಿಣದ ಕಂಬಿ ಮುಟ್ಟಿದರೆ ಕೈ ಅಂಟುತ್ತದೆ. ಯಾರೂ ನೋಡುತ್ತಿಲ್ಲ ಎಂದು ಬೆರಳು ನೆಕ್ಕಿ ನೋಡಿದೆ, ಉಪ್ಪು! ಹತ್ತು ವರ್ಷದಿಂದ ಬೋರ್ಡಿನ ಮೇಲೆ ಸೋಡಿಯಂ ಕ್ಲೋರೈಡ್ ಬರೆದವಳು ನಾನು, ಅದು ಗಾಳಿಯಲ್ಲಿ ಹಾರಿ ಬಂದು ಕಂಬಿ ಮೇಲೆ ಕೂರುತ್ತದೆ ಅಂತ ಯಾರೂ ಹೇಳಿರಲಿಲ್ಲ. ಇನ್ನೊಂದು: ನಾನು ಹೋದಾಗ ನೀರಿಗೆ ಇಳಿಯುವ ಮೆಟ್ಟಿಲು ಏಳು ಕಾಣುತ್ತಿದ್ದವು. ಎದ್ದು ಹೊರಡುವಾಗ ಎಣಿಸಿದರೆ ಮೂರು. ಯಾರೋ ನಲ್ಲಿ ಬಿಟ್ಟು ಮರೆತ ಹಾಗೆ.

ಸಂಜೆಯಾದ ಮೇಲೆ ಫ್ಲಾಸ್ಕು, ಚಾಪೆ, ಮಕ್ಕಳು ಅಂತ ಮನೆಮಂದಿಯೆಲ್ಲ ಬಂದು ಕೂತರು. ನನಗೆ ಯಾಕೋ ಅಳು ಬಂತು. ಕಾರಣ ಏನೂ ಇಲ್ಲ. ಒಬ್ಬರೇ ಹೋದವರಿಗೆ ಹೀಗಾಗುತ್ತದಾ?

ನಾಳೆ ಶುಕ್ರವಾರ. ದೊಡ್ಡ ಮಸೀದಿಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಬೆಳಿಗ್ಗೆ ಅಂಗಡಿಯೂ ಇಲ್ಲ. ಸೋಮವಾರದ ತನಕ ಇದ್ದೇನೆ. ಏನು ಮಾಡಲಿ? ಅವ್ವ ತುಂಬಿಕೊಟ್ಟ ಒಂದೂವರೆ ಕೆಜಿ ಶೇಂಗಾ ಚಟ್ನಿ, ಇಪ್ಪತ್ತು ಕಡಕ್ ಸಜ್ಜಿ ರೊಟ್ಟಿಯೂ ಇದೆ. ಅದಕ್ಕೂ ಏನಾದರೂ ದಾರಿ ಹೇಳಿ.

ಸುಸಲಾ_ಮಿರ್ಚಿ · 10:52

ಚಟ್ನಿ ಒಂದೂವರೆ ಕೆಜಿ! ಅಕ್ಕಾ, ನೀವು ಟ್ರಿಪ್ಪಿಗೆ ಹೋಗಿದ್ದೀರಾ, ಹಾಸ್ಟೆಲಿಗೆ ಸೇರಿದ್ದೀರಾ?

ಬೀದರ್_ಬಿದರಿ · 10:58

ಅಳು ಬರುತ್ತದೆ. ಎಲ್ಲರಿಗೂ. ನಾನು 2016ರಲ್ಲಿ ಕೊಲಂಬೊಗೆ ಒಬ್ಬನೇ ಹೋಗಿದ್ದೆ. ಮೊದಲ ಸಂಜೆ ಗಾಲ್ ಫೇಸ್ ಮೈದಾನದಲ್ಲಿ ಕೂತು ಕಡಲೆ ತಿನ್ನುತ್ತಾ ಕಣ್ಣೀರು. ಪಕ್ಕದಲ್ಲಿದ್ದ ಅಜ್ಜ ಕಡಲೆ ಖಾರ ಇರಬೇಕು ಅಂದುಕೊಂಡು ನೀರಿನ ಬಾಟಲಿ ಕೊಟ್ಟ. ಎರಡನೇ ದಿನ ಹೊರಟುಹೋಗುತ್ತದೆ, ಚಿಂತೆ ಬೇಡ.

ಭೀಮಾತೀರ_77 (ಯಾದಗಿರಿ) · 11:05

ಮೆಟ್ಟಿಲು ಮುಳುಗಿದ್ದು ಉಬ್ಬರ ಮೇಡಂ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಚಂದ್ರನ ಎಳೆತ. ನಾಳೆ ಅದೇ ಹೊತ್ತಿಗೆ ಹೋದರೆ ಅದೇ ಮೆಟ್ಟಿಲು ಸಿಗುವುದಿಲ್ಲ, ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಜಾಸ್ತಿ. ನೀವು ಎಳ್ಳಮಾಸಿ ಮುಗಿಸಿ ಹೋಗಿದ್ದೀರಿ ಅಲ್ವಾ, ಸರಿಯಾದ ಹೊತ್ತಿಗೇ ನೋಡಿದ್ದೀರಿ.

ಹಿರಿಯ_ನಾಗರಿಕ · 11:20

ಹೆಣ್ಣುಮಗಳು ಒಬ್ಬಳೇ ಅರಬ್ ದೇಶಕ್ಕೆ ಹೋಗಿದ್ದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಗುಂಪಿನಲ್ಲಿ ಹೋಗಬೇಕಿತ್ತು. ಈಗ ರೂಮಿನಲ್ಲೇ ಇರಿ.

ಸುಸಲಾ_ಮಿರ್ಚಿ · 11:22

ಕಾಕಾ, ಸೋಮವಾರದ ತನಕ ರೂಮಿನಲ್ಲಿ ಕೂತು ಚಟ್ನಿ ತಿನ್ನಬೇಕಾ?

ಆಳಂದ_ನಾಕಾ · 11:31

ಹಿರಿಯರೇ, ನನ್ನ ತಂಗಿ ಮಸ್ಕತ್ತಿನಲ್ಲಿ ನರ್ಸ್ ಆಗಿದ್ದಳು, ಆರು ವರ್ಷ. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಬರುತ್ತಿದ್ದಳು. ರಜೆಗೆ ಇಲ್ಲಿ ಬಂದಾಗ ರಾತ್ರಿ ಒಂಬತ್ತಕ್ಕೆ ನಮ್ಮ ಓಣಿಯಲ್ಲಿ ನಡೆಯಲು ನನ್ನನ್ನು ಕರೆಯುತ್ತಿದ್ದಳು. ಅರ್ಥ ಮಾಡಿಕೊಳ್ಳಿ.

ಬಿಸಿಲೂರು_ಹುಡುಗಿ · 11:40

ಕಾಕಾ, ಕಾಳಜಿಗೆ ಧನ್ಯವಾದ. ನಿಜ ಹೇಳಬೇಕೆಂದರೆ ಇಲ್ಲಿ ಇವತ್ತು ನನ್ನನ್ನು ಗುರಾಯಿಸಿದ್ದು ಮೀನಿನ ಆಸೆಗೆ ಬಂದ ಸಮುದ್ರದ ಹಕ್ಕಿಗಳು ಮಾತ್ರ. ಆದರೆ "ಒಬ್ಬಳೇನಾ?" ಅಂತ ಕೇಳುವುದರಲ್ಲಿ ಒಮಾನಿಗಳೂ ನಮ್ಮವರಿಗೆ ಕಡಿಮೆ ಇಲ್ಲ. ಟ್ಯಾಕ್ಸಿಯವನು ಗಂಡ, ಮಕ್ಕಳು, ಸಂಬಳ ಮೂರನ್ನೂ ಹತ್ತು ನಿಮಿಷದಲ್ಲಿ ಕೇಳಿ ಮುಗಿಸಿದ.

ಅದೂ ಯಾವ ಭಾಷೆಯಲ್ಲಿ ಗೊತ್ತಾ? ಹಿಂದಿಯಲ್ಲಿ. ನಾನು ಹೋದ ಕಡೆಯೆಲ್ಲ ನಮ್ಮ ದಖನಿಯೇ ಓಡಿತು. ಸಂಜೆ ಬಜಾರ್ ತೆಗೆದ ಮೇಲೆ ಒಬ್ಬ ಮುದುಕಪ್ಪನ ಅಂಗಡಿಯಲ್ಲಿ ಲೋಬಾನ ಕೇಳಿದೆ. ರೇಟು ಜಾಸ್ತಿ ಹೇಳಿದ. ಬಾಯಿ ತಪ್ಪಿ "ನಕ್ಕೋ ಚಾಚಾ" ಅಂದೆ. ಅವನು ಬಿದ್ದು ಬಿದ್ದು ನಕ್ಕ. "ಹೈದರಾಬಾದ್?" ಅಂದ. "ಗುಲ್ಬರ್ಗಾ" ಅಂದೆ. ಗುಲ್ಬರ್ಗಾದ ಹುಡುಗನೊಬ್ಬ ಹಿಂದೆ ಅವನ ಅಂಗಡಿಯಲ್ಲಿದ್ದನಂತೆ. ಅರ್ಧ ರಿಯಾಲ್ ಬಿಟ್ಟ.

ನಿವೃತ್ತ_ಮೇಷ್ಟ್ರು (ಬೀದರ್) · 11:58

ತಾಯಿ, ಲೋಬಾನ ಅಂದಿರಲ್ಲ, ಅದಕ್ಕೊಂದು ತಿದ್ದುಪಡಿ ಇದೆ. ನಮ್ಮ ಬಜಾರಿನಲ್ಲಿ ಲೋಬಾನ ಅಂತ ಕೊಡುವುದು ಹೆಚ್ಚಾಗಿ ಸಾಂಬ್ರಾಣಿ. ಅದು ಬೇರೆ ಮರದ ಅಂಟು. ಅರಬ್ಬಿಯಲ್ಲಿ ಲುಬಾನ್ ಅಂದರೆ ಒಮಾನಿನ ದೊಫಾರ್ ಸೀಮೆಯ ಬೊಸ್ವೆಲಿಯಾ ಮರದ್ದು. ತೊಗಟೆ ಕೆತ್ತಿ, ಹಾಲು ಒಸರಿ, ಒಣಗಿ ಗಟ್ಟಿಯಾದ ಮೇಲೆ ಕೀಳುತ್ತಾರೆ. ಹೆಸರು ಮಾತ್ರ ಹಡಗು ಹತ್ತಿ ನಮ್ಮಲ್ಲಿಗೆ ಬಂತು, ಸರಕು ಬದಲಾಯಿತು. ಆ ಮರಗಳಿರುವ ಸೀಮೆಯನ್ನು ಯುನೆಸ್ಕೋ 2000ದಲ್ಲೇ ಪಟ್ಟಿಗೆ ಸೇರಿಸಿದೆ. ಮಸ್ಕತ್ತಿನಿಂದ ಸುಮಾರು ಸಾವಿರ ಕಿಲೋಮೀಟರ್, ನಾಳೆ ಹೋಗುತ್ತೇನೆ ಅನ್ನಬೇಡಿ.

ಇನ್ನೊಂದು. ನೀವು ಕೂತಿದ್ದ ಕಟ್ಟೆಯಿಂದ ಹಳೆ ಮಸ್ಕತ್ ಕಡೆ ನಡೆದರೆ ಎರಡು ಕೋಟೆ ಸಿಗುತ್ತವೆ, ಜಲಾಲಿ ಮತ್ತು ಮಿರಾನಿ. 1580ರ ದಶಕದಲ್ಲಿ ಪೋರ್ಚುಗೀಸರು ಈಗಿನ ರೂಪಕ್ಕೆ ತಂದದ್ದು. ಊರು ಅವರ ಕೈಗೆ ಹೋಗಿದ್ದು 1507ರಲ್ಲಿ, ಅಲ್ಬುಕರ್ಕ್ ಬಂದಾಗ. ಅದೇ ಆಸಾಮಿ ಮೂರು ವರ್ಷ ಬಿಟ್ಟು ಬಿಜಾಪುರದ ಆದಿಲ್‌ಶಾಹಿಯಿಂದ ಗೋವಾ ಕಿತ್ತುಕೊಂಡ. ಮಸ್ಕತ್ತಿನಿಂದ 1650ರಲ್ಲಿ ಒಮಾನಿಗಳು ಅವರನ್ನು ಓಡಿಸಿದರು. ಗೋವಾಕ್ಕೆ 1961ರ ತನಕ ಕಾಯಬೇಕಾಯಿತು.

ಶಹಾಪುರ_ಗುಡ್ಡ · 12:04

ಮೇಷ್ಟ್ರೇ, ರಾತ್ರಿ ಹನ್ನೆರಡಕ್ಕೆ ಇತಿಹಾಸದ ಕ್ಲಾಸು. ನಿದ್ದೆ ಬರಲ್ವಾ?

ನಿವೃತ್ತ_ಮೇಷ್ಟ್ರು · 12:06

ನಿವೃತ್ತಿ ಆದ ಮೇಲೆ ನಿದ್ದೆ ಎಲ್ಲಿ ತಮ್ಮಾ. ಅದು ಕ್ಲಾಸಿನಲ್ಲಿ ಮಾತ್ರ ಬರುತ್ತಿತ್ತು, ಅದೂ ನಿಮಗೆ.

ಚಿಂಚೋಳಿ_ಅಣ್ಣ · ಶುಕ್ರವಾರ ಬೆಳಿಗ್ಗೆ 6:30

ತಂಗೀ, ನಮ್ಮ ತಮ್ಮ ಅಲ್ಲೇ ರೂವಿಯಲ್ಲಿದ್ದಾನೆ. ಎಸಿ ಮೆಕ್ಯಾನಿಕ್. ಎರಡು ವರ್ಷ ಆಯಿತು ಊರಿಗೆ ಬಂದಿಲ್ಲ. ಚಟ್ನಿ ಉಳಿದಿದ್ದರೆ ಅವನಿಗೆ ಮುಟ್ಟಿಸುತ್ತೀರಾ? ತೊಂದರೆ ಆದರೆ ಬ್ಯಾಡ. ನಂಬರ್ ಕಳಿಸುತ್ತೇನೆ, ಅವನು ಭಾಳ ಸಂಕೋಚದ ಹುಡುಗ, ಫೋನ್ ಮಾಡಿದರೆ ಎರಡು ಮಾತಿಗೆ ಇಟ್ಟುಬಿಡುತ್ತಾನೆ.

ರೂವಿ_ರಾತ್ರಿಪಾಳಿ · 6:48

ಅಣ್ಣಾ, ನಾನೂ ಇಲ್ಲೇ ಇದ್ದೇನೆ. ಎಲ್ಲ ಓದುತ್ತಿದ್ದೇನೆ.

ಸುಸಲಾ_ಮಿರ್ಚಿ · 6:50

😂😂😂

ಚಿಂಚೋಳಿ_ಅಣ್ಣ · 6:55

ತಮ್ಮಾ! ಇಲ್ಲಿ ಯಾವಾಗಿಂದ ಇದ್ದೀಯೋ? ಅವ್ವನಿಗೆ ಫೋನ್ ಮಾಡಲು ಟೈಮಿಲ್ಲ, ಇದಕ್ಕೆ ಇದೆ.

ರೂವಿ_ರಾತ್ರಿಪಾಳಿ · 7:15

ಮೇಡಂ, ಒಂದು ಮಾತು, ಬೇಜಾರಾಗಬೇಡಿ. ನಿಮ್ಮ ಪೋಸ್ಟ್ ಚೆನ್ನಾಗಿದೆ. ಆದರೆ ಬಿಳಿ ಮನೆ, ನೀಲಿ ಸಮುದ್ರ ನೋಡಿ "ಊರು ಹಿಡಿಸಿತು" ಅಂತ ಒಂದೇ ದಿನಕ್ಕೆ ಬರೆದರೆ ನಮ್ಮಂಥವರಿಗೆ ಒಂಥರಾ ಆಗುತ್ತದೆ. ನಾನು ಬಂದು 11 ವರ್ಷ. ಸಮುದ್ರ ದಿನಾ ನೋಡುತ್ತೇನೆ, ಕಂಪನಿ ಬಸ್ಸಿನ ಕಿಟಕಿಯಿಂದ. ನೀವು ಹೇಳಿದ ಮತ್ರಾ ಕಟ್ಟೆ ಮೇಲೆ ಕೂತಿದ್ದು ಎರಡೋ ಮೂರೋ ಸಲ. ದೊಡ್ಡ ಮಸೀದಿಯಲ್ಲಿ ಎಸಿ ಡಕ್ಟ್ ಕೆಲಸಕ್ಕೆ ಹೋಗಿದ್ದ ಗೆಳೆಯ ಇದ್ದಾನೆ, ಕಾರ್ಪೆಟ್ ಕಂಡಿಲ್ಲ, ಮೇಲಿನ ಡಕ್ಟ್ ಮಾತ್ರ ಕಂಡಿದ್ದು.

ಈಗ ಜನವರಿ. ಜೂನಿನಲ್ಲಿ ಬನ್ನಿ, ಆಗ ಬರೆಯಿರಿ.

ಶಹಾಪುರ_ಗುಡ್ಡ · 7:40

ಅವರವರ ಪ್ರವಾಸ ಅವರವರದು ಗುರು. ಅವರು ತಮ್ಮ ದುಡ್ಡಿನಲ್ಲಿ ಹೋಗಿದ್ದಾರೆ. ನಿಮ್ಮ ಕಷ್ಟ ಯಾಕೆ ಅವರ ತಲೆಗೆ ಕಟ್ಟುತ್ತೀರಿ? ಹಂಪಿ ನೋಡಲು ಬಂದವರು ಬಳ್ಳಾರಿ ಗಣಿಯಲ್ಲಿ ಇಳಿದು ನೋಡುತ್ತಾರಾ?

ಆಳಂದ_ನಾಕಾ · 7:52

ನೋಡಿದರೆ ಒಳ್ಳೆಯದೇ. ಅವರು ಬೈದಿಲ್ಲವಲ್ಲ, ಕಂಡಿದ್ದು ಹೇಳಿದರು.

ಭೀಮಾತೀರ_77 · 8:03

ಬಿಸಿಲಿನ ವಿಷಯದಲ್ಲಿ ನಾವೇನು ಕಡಿಮೆ ಇಲ್ಲ. ಮೇ ತಿಂಗಳಲ್ಲಿ ಯಾದಗಿರಿ ಸ್ಟೇಶನ್ ರೋಡಿನಲ್ಲಿ ಚಪ್ಪಲಿ ಇಲ್ಲದೆ ನಡೆದು ತೋರಿಸಿ.

ರೂವಿ_ರಾತ್ರಿಪಾಳಿ · 8:10

ಅಣ್ಣಾ, ನಮ್ಮದು ಒಣ ಬಿಸಿಲು. ಬೇವಿನ ನೆರಳಿಗೆ ಬಂದರೆ ಜೀವ ಬರುತ್ತದೆ. ಇಲ್ಲಿ ಅಂಗಿ ಮೈಗೆ ಅಂಟಿ ಹಿಂಡಿದರೆ ನೀರು ಬರುತ್ತದೆ, ನೆರಳಲ್ಲೂ ಅಷ್ಟೇ, ರಾತ್ರಿಯೂ ಅಷ್ಟೇ. ಸಮುದ್ರ ಅಂದರೆ ತಂಪು ಅಂದುಕೊಂಡು ಬಂದವನು ನಾನು. ಸರ್ಕಾರವೇ ಜೂನ್‌ನಿಂದ ಆಗಸ್ಟ್ ತನಕ ಮಧ್ಯಾಹ್ನ 12:30ರಿಂದ 3:30 ಹೊರಗಿನ ಕೆಲಸ ಮಾಡಿಸಬಾರದು ಅಂತ ಕಾನೂನು ಮಾಡಿದೆ ಅಂದರೆ ನೋಡಿ. ಒಳ್ಳೆಯದನ್ನೂ ಹೇಳುತ್ತೇನೆ. ಮೊದಲು ಒಪ್ಪಂದ ಮುಗಿದರೂ ಹಳೆ ಮಾಲೀಕ ಎನ್ಒಸಿ ಕೊಡದೆ ಬೇರೆ ಕೆಲಸಕ್ಕೆ ಸೇರುವ ಹಾಗಿರಲಿಲ್ಲ. 2021ರ ಜನವರಿಯಿಂದ ಅದನ್ನು ತೆಗೆದರು. ನಾನು ಹಳೆ ಕಂಪನಿ ಬಿಟ್ಟು ಇಲ್ಲಿಗೆ ಬಂದಿದ್ದು ಹಾಗೆಯೇ.

ಬಿಸಿಲೂರು_ಹುಡುಗಿ · 8:35

ನನಗೆ ಬೇಜಾರಿಲ್ಲ ಅಣ್ಣಾ. ನೀವು ಹೇಳಿದ್ದು ಸರಿ. ನಾನು ನೋಡಿದ್ದು ಮೂರು ಗಂಟೆಯ ಸಮುದ್ರ, ಅಷ್ಟನ್ನೇ ಬರೆದೆ. ಊರೆಲ್ಲ ಗೊತ್ತು ಅಂತ ಬರೆದಿಲ್ಲ.

ಚಟ್ನಿ ಎಲ್ಲಿ ತಂದುಕೊಡಲಿ?

ರೂವಿ_ರಾತ್ರಿಪಾಳಿ · 8:41

ಇವತ್ತು ನನಗೆ ರಜೆ. ಆದರೆ ನೀವು ತೊಂದರೆ ತಗೋಬೇಡಿ ಮೇಡಂ.

ಚಿಂಚೋಳಿ_ಅಣ್ಣ · 8:43

ಏನು ತೊಂದರೆ, ಹೋಗೋ ತಮ್ಮಾ. ಅವರ ಲಾಡ್ಜಿನ ಹತ್ತಿರ ಹೋಗಬೇಡ, ಹತ್ತು ಜನ ಇರುವ ಹೋಟೆಲಿಗೆ ಕರೆ. ನಿನ್ನ ಜೊತೆ ರೂಮಿನ ಹುಡುಗರೂ ಬರಲಿ.

ಹಿರಿಯ_ನಾಗರಿಕ · 8:50

ಇದು ಸರಿಯಾದ ಮಾತು.

ಸುಸಲಾ_ಮಿರ್ಚಿ · 8:51

ಕಾಕಾ ಒಪ್ಪಿದರು! ಬರೆದಿಟ್ಟುಕೊಳ್ಳಿ.

ಬೀದರ್_ಬಿದರಿ · 9:30

ಅವರು ಚಟ್ನಿ ಹಂಚುವ ತನಕ ನಾನೊಂದು ಹೇಳುತ್ತೇನೆ. ಸೋಮವಾರದ ತನಕ ಇದ್ದೀರಿ ಅಂದರೆ ಒಂದು ದಿನ ನಿಜ್ವಾಕ್ಕೆ ಹೋಗಿ. ಸುಮಾರು 160 ಕಿಲೋಮೀಟರ್ ಒಳಗೆ, ಸಮುದ್ರ ಬಿಟ್ಟು ಗುಡ್ಡದ ಆಚೆ. ಅಲ್ಲಿ ಫಲಜ್ ದಾರಿಸ್ ಅಂತ ಇದೆ. ಫಲಜ್ ಅಂದರೆ ನೀರಿನ ಕಾಲುವೆ. ಗುಡ್ಡದ ಬುಡದಲ್ಲಿ ತಾಯಿಬಾವಿ ತೋಡಿ, ಅಲ್ಲಿಂದ ನೆಲದೊಳಗೆ ಸುರಂಗ ಕೊರೆದು, ಸಣ್ಣ ಇಳಿಜಾರಿನಲ್ಲಿ ನೀರು ತಾನೇ ಊರಿಗೆ ಹರಿದು ಬರುವ ಹಾಗೆ ಮಾಡಿದ್ದಾರೆ. ಪಂಪಿಲ್ಲ, ಕರೆಂಟಿಲ್ಲ. ಈಗಲೂ ಒಮಾನಿನಲ್ಲಿ ಸುಮಾರು 3,000 ಫಲಜ್ ಹರಿಯುತ್ತಿವೆ. ಐದನ್ನು ಯುನೆಸ್ಕೋ 2006ರಲ್ಲಿ ಪಟ್ಟಿಗೆ ಸೇರಿಸಿತು, ದಾರಿಸ್ ಅದರಲ್ಲಿ ಒಂದು.

ನಾನು ಯಾಕೆ ಹೇಳುತ್ತಿದ್ದೇನೆ ಅಂದರೆ ಇದೇ ಕಸುಬು ನಮ್ಮ ಬೀದರಿನಲ್ಲಿದೆ. ನೌಬಾದಿನ ಕರೇಜ್. ಸುರಂಗ ಬಾವಿ ಅನ್ನುತ್ತೇವೆ. ಬಹಮನಿಗಳ ಕಾಲದ್ದು, ಎರಡು ಕಿಲೋಮೀಟರಿಗೂ ಉದ್ದ, ಮೇಲಿನಿಂದ ಗಾಳಿಗೆ, ಹೂಳು ತೆಗೆಯಲು ಇಪ್ಪತ್ತಕ್ಕೂ ಹೆಚ್ಚು ಬಾವಿ. ನಾವು ಚಿಕ್ಕವರಿದ್ದಾಗ ಅದರಲ್ಲಿ ಕಲ್ಲು ಹಾಕಿ ಸದ್ದು ಎಣಿಸುತ್ತಿದ್ದೆವು. ಅದೇನು ಅಂತ ಯಾರೂ ಹೇಳಿರಲಿಲ್ಲ. ಊರಿನವರಿಗೆ ಅದು ಕಸ ಹಾಕುವ ತಗ್ಗು.

ಶಹಾಪುರ_ಗುಡ್ಡ · 9:44

ಕರೇಜ್ ಇರಾನಿನದು. ಒಮಾನಿನದು ಬೇರೆ. ಎರಡನ್ನೂ ಒಂದು ಮಾಡಬೇಡಿ.

ಬೀದರ್_ಬಿದರಿ · 9:51

ಒಂದು ಮಾಡಿಲ್ಲ ಸ್ವಾಮಿ, ಕಸುಬು ಒಂದು ಅಂದೆ. ಫಲಜ್‌ನಲ್ಲಿ ಮೂರು ಬಗೆ ಇದೆ. ದಾವೂದಿ ಅನ್ನುವುದು ಸುರಂಗದ್ದು, ಇರಾನಿನ ಕನಾತ್ ಹಾಗೆಯೇ. ಐನಿ ಅನ್ನುವುದು ಬುಗ್ಗೆಯಿಂದ ಬರುವುದು. ಗೈಲಿ ಅನ್ನುವುದು ಹಳ್ಳದ ನೀರು ತಿರುಗಿಸಿದ್ದು. ದಾರಿಸ್ ದಾವೂದಿ. ಈಗ ಹೇಳಿ.

ಶಹಾಪುರ_ಗುಡ್ಡ · 9:53

ಹಾಗಾದರೆ ಸರಿ.

ನಿವೃತ್ತ_ಮೇಷ್ಟ್ರು · 10:15

ಎದ್ದೆ. ಬೀದರ್, ಮಸ್ಕತ್ ಎರಡರ ಹೆಸರೂ ಬಂತು, ಹಾಗಾಗಿ ಇದನ್ನು ಹೇಳದೆ ಇರಲಾರೆ. ಒಂಟಿ ಪ್ರಯಾಣ ಅಂದರೆ ನಿಕಿತಿನ್. ರಷ್ಯಾದ ತ್ವೇರ್ ಊರಿನ ವ್ಯಾಪಾರಿ. 1470ರ ಸುಮಾರಿಗೆ ಬಹಮನಿ ರಾಜ್ಯಕ್ಕೆ ಬಂದ. ಹೊರ್ಮುಜ್‌ನಿಂದ ಹಡಗಿನಲ್ಲಿ ಒಂದೇ ಒಂದು ಕುದುರೆ ತಂದ, ಲಾಭ ಆಗುತ್ತದೆ ಅಂತ. ಚೌಲ್ ಬಂದರಿನಲ್ಲಿ ಇಳಿದ. ಜುನ್ನಾರಿನಲ್ಲಿ ಅಲ್ಲಿನ ಖಾನ್ ಕುದುರೆ ಕಿತ್ತುಕೊಂಡ, ಆಮೇಲೆ ವಾಪಸ್ ಸಿಕ್ಕಿತು. ಕಡೆಗೆ ಅದನ್ನು ಮಾರಿದ್ದು ಬೀದರಿನಲ್ಲಿ. ಸಾಕಿದ ಖರ್ಚು ನೋಡಿದರೆ ಲಾಭವೇನೂ ದಕ್ಕಲಿಲ್ಲ, ಬೇಸರದಲ್ಲಿ ಬರೆದುಕೊಂಡಿದ್ದಾನೆ.

ಆಳಂದದ ಜಾತ್ರೆಯನ್ನೂ ನೋಡಿ ಬರೆದಿದ್ದಾನೆ. ಶೇಖ್ ಅಲಾವುದ್ದೀನರ ಹೆಸರಿನ ಜಾತ್ರೆ, ಕುದುರೆ ವ್ಯಾಪಾರ ಜೋರು ಅಂತ. ಅಂದರೆ ನಮ್ಮ ಲಾಡ್ಲೆ ಮಶಾಯಿಖ್ ದರ್ಗಾ. ವಾಪಸ್ ಹೋಗುವಾಗ ದಾಭೋಳದಲ್ಲಿ ಹಡಗು ಹತ್ತಿದ, ಗಾಳಿಗೆ ಆಫ್ರಿಕಾದ ಕಡೆ ಹೋಗಿ, ಅಲ್ಲಿಂದ ಮಸ್ಕತ್‌ಗೆ ಬಂದ. ಮನೆ ಬಿಟ್ಟ ಮೇಲಿನ ಆರನೇ ಈಸ್ಟರ್ ಹಬ್ಬ ಮಸ್ಕತ್ತಿನಲ್ಲಿ ಕಳೆದೆ ಅಂತ ಬರೆದಿದ್ದಾನೆ. ಊರು ತಲುಪಲಿಲ್ಲ, ದಾರಿಯಲ್ಲೇ ಸ್ಮೋಲೆನ್ಸ್ಕ್ ಹತ್ತಿರ ತೀರಿಕೊಂಡ.

ತಾಯಿ, ಅವನ ಬರಹ ತುಂಬಾ ಹಬ್ಬ ತಪ್ಪಿತು, ಊರು ನೆನಪಾಯಿತು ಅನ್ನುವುದೇ. ಅಳು ಬರುತ್ತದಾ ಅಂತ ಕೇಳಿದಿರಲ್ಲ.

ಆಳಂದ_ನಾಕಾ · 10:21

ನಮ್ಮೂರ ಹೆಸರು ರಷ್ಯಾದಲ್ಲಿ ಬರೆದಿಟ್ಟಿದ್ದಾರಾ! 40 ವರ್ಷ ಆಯಿತು ಆಳಂದದಲ್ಲಿ, ಇವತ್ತು ಗೊತ್ತಾಯಿತು. ಮೇಷ್ಟ್ರೇ, ದರ್ಗಾ ಕಡೆ ಬಂದಾಗ ಚಹಾ ನನ್ನದು.

ಭೀಮಾತೀರ_77 · 10:40

ಮೇಡಂ, ನಿಜ್ವಾಕ್ಕೆ ಹೋಗುವುದಾದರೆ ಆಕಾಶ ನೋಡಿ ಹೋಗಿ. ವಾದಿ ಅಂತಾರೆ ಅಲ್ಲಿ ಹಳ್ಳಕ್ಕೆ. ವರ್ಷವಿಡೀ ಒಣಗಿರುತ್ತದೆ, ಗುಡ್ಡದಲ್ಲಿ ಮಳೆ ಬಿದ್ದರೆ ಹತ್ತು ನಿಮಿಷದಲ್ಲಿ ಕಾರು ಎತ್ತಿಕೊಂಡು ಹೋಗುತ್ತದೆ. ರಸ್ತೆ ಪಕ್ಕ ಬಣ್ಣದ ಕಂಬ ನೆಟ್ಟಿರುತ್ತಾರೆ, ನೀರು ಕೆಂಪು ಮುಟ್ಟಿದರೆ ದಾಟಬಾರದು. 2007ರ ಗೋನು ಚಂಡಮಾರುತದಲ್ಲಿ ಮಸ್ಕತ್ ಮುಳುಗಿತ್ತು. ನಮ್ಮ ಮಾವ ಆಗ ಅಲ್ಲಿದ್ದರು, ಮೂರು ದಿನ ಟ್ಯಾಪಿನಲ್ಲಿ ನೀರಿಲ್ಲ. ಹೊರಗೆಲ್ಲ ನೀರು, ಕುಡಿಯಲು ಹನಿ ಇಲ್ಲ. ಅಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡಿ ಕೊಡುವುದು, ಆ ಘಟಕ ನಿಂತರೆ ಮುಗಿಯಿತು.

ಸುಸಲಾ_ಮಿರ್ಚಿ · 10:44

ಇದನ್ನೆಲ್ಲ ಬಿಡಿ. ಊಟ ಏನು ಮಾಡುತ್ತಿದ್ದೀರಿ ಅಕ್ಕಾ? ಒಮಾನಿ ಹಲ್ವಾ ತಿಂದಿರಾ? ನಮ್ಮ ಮಾಲಪುರಿ ಮುಂದೆ ನಿಲ್ಲುತ್ತದಾ?

ಬಿಸಿಲೂರು_ಹುಡುಗಿ · ಶುಕ್ರವಾರ ರಾತ್ರಿ 11:30

ವಾಪಸ್ ಬಂದೆ. ಒಂದೊಂದೇ ಹೇಳುತ್ತೇನೆ.

ಹಲ್ವಾ ತಿಂದೆ. ಕಂದು ಬಣ್ಣ, ಅಂಟು ಅಂಟು, ಕೇಸರಿ, ಏಲಕ್ಕಿ, ಗುಲಾಬಿ ನೀರು, ತುಪ್ಪ. ಬಾಯಲ್ಲಿ ಇಟ್ಟರೆ ಅಗಿಯಬೇಕೋ ನುಂಗಬೇಕೋ ಗೊತ್ತಾಗುವುದಿಲ್ಲ. ಜೊತೆಗೆ ಸಕ್ಕರೆ ಇಲ್ಲದ ಕಾಫಿ ಕೊಡುತ್ತಾರೆ, ಆಗ ಸರಿಹೋಗುತ್ತದೆ. ಮಾಲಪುರಿಗೆ ಹೋಲಿಸಬೇಡಿ, ಅದು ಬೇರೆ ಜಾತಿ.

ಬೆಳಿಗ್ಗೆ ಹಳೆ ಮಸ್ಕತ್‌ಗೆ ಹೋದೆ. ಮೇಷ್ಟ್ರು ಹೇಳಿದ ಎರಡೂ ಕೋಟೆ ಹೊರಗಿನಿಂದ ನೋಡಿದೆ. ಸುಲ್ತಾನರ ಅಲ್ ಆಲಂ ಅರಮನೆ ನಡುವೆ, ಕೋಟೆ ಎಡಬಲ. ಅರಮನೆಯ ಹತ್ತಿರವೇ ಶಿವನ ಗುಡಿ ಇದೆ. ಮೋತೀಶ್ವರ ಅಂತ. ಕಛ್ ಕಡೆಯ ವ್ಯಾಪಾರಿಗಳ ಕಾಲದಿಂದ ನಡೆದು ಬಂದಿದ್ದು. ಗಂಟೆ ಸದ್ದು ಕೇಳಿದಾಗ ಸ್ವಲ್ಪ ಹೊತ್ತು ಎಲ್ಲಿದ್ದೇನೆ ಅಂತ ಮರೆತೆ. ಹಣ್ಣುಕಾಯಿ ಹಿಡಿದ ಗುಜರಾತಿ ಅಜ್ಜಿ "ಅಕೇಲಿ?" ಅಂದರು. ಇಲ್ಲೂ!

ಸಂಜೆ ರೂವಿ. ಅಲ್ಲಿ ಇಳಿದರೆ ಮಸ್ಕತ್ ಅನ್ನಿಸುವುದಿಲ್ಲ, ಹೈದರಾಬಾದಿನ ಅಬಿಡ್ಸ್ ಅನ್ನಿಸುತ್ತದೆ. ಅರ್ಧ ಬೋರ್ಡು ಹಿಂದಿ, ಮಲಯಾಳಂ. ಶುಕ್ರವಾರ ಅಂತ ಎಲ್ಲ ಕಂಪನಿಗಳ ಹುಡುಗರೂ ಬೀದಿಯಲ್ಲಿ. ಕೆಲಸಕ್ಕಿಲ್ಲ, ಖರೀದಿಗಿಲ್ಲ, ಸುಮ್ನೆ ನಿಂತಿದ್ದಾರೆ, ಕೈಯಲ್ಲಿ ಫೋನು. ಚಿಂಚೋಳಿ ಅಣ್ಣನ ತಮ್ಮ ಇನ್ನಿಬ್ಬರ ಜೊತೆ ಬಂದಿದ್ದರು. ಒಬ್ಬ ಹುಮನಾಬಾದಿನವನು, ಇನ್ನೊಬ್ಬ ಸುರಪುರದವನು. ಹೋಟೆಲಿನಲ್ಲಿ ಕರಕ್ ಚಹಾ ತರಿಸಿದರು. ದುಡ್ಡು ಕೊಡಲು ಬಿಡಲಿಲ್ಲ. ಹುಮನಾಬಾದಿನ ಹುಡುಗ ರೊಟ್ಟಿ ಮುರಿದು ಸದ್ದು ಕೇಳಿದ. ತಿನ್ನಲಿಲ್ಲ, ಸದ್ದು ಮಾತ್ರ ಕೇಳಿದ. ಆಮೇಲೆ ಇನ್ನೊಂದು ಮುರಿದ.

ಸಂಕೋಚದ ಹುಡುಗ ಅಂದಿದ್ದರು ಅಣ್ಣ. ಎರಡು ಗಂಟೆ ಮಾತಾಡಿದರು. ಬೈಸಾ ಲೆಕ್ಕ ಹೇಳಿಕೊಟ್ಟರು. ಒಂದು ರಿಯಾಲಿಗೆ ಸಾವಿರ ಬೈಸಾ, ನೂರಲ್ಲ. ನಾನು ಎರಡು ದಿನದಿಂದ 500 ಬೈಸಾ ಅಂದರೆ ಐದು ರಿಯಾಲ್ ಅಂದುಕೊಂಡು ನಡೆದಿದ್ದೆ.

ನಿವೃತ್ತ_ಮೇಷ್ಟ್ರು · 11:41

ಬೈಸಾ ಅಂದರೆ ನಮ್ಮ ಪೈಸಾನೇ. ಅಲ್ಲಿ ಬಹಳ ಕಾಲ ಓಡಿದ್ದು ನಮ್ಮ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿ ದೇಶಗಳಿಗೆ ಅಂತ ಬೇರೆ ಬಣ್ಣದ ರೂಪಾಯಿ ನೋಟು ತಂದಿತು. 1966ರಲ್ಲಿ ನಾವು ರೂಪಾಯಿ ಬೆಲೆ ಇಳಿಸಿದ ಮೇಲೆ ಬೇರೆಯವರು ಬಿಟ್ಟರು, ಒಮಾನ್ 1970ರ ತನಕ ಬಳಸಿತು. ಈಗ ಅವರ ಒಂದು ರಿಯಾಲಿಗೆ ನಮ್ಮದು ಇನ್ನೂರಕ್ಕೂ ಮೇಲೆ.

ಶಹಾಪುರ_ಗುಡ್ಡ · 11:46

ಕೊನೆಯ ಸಾಲು ಬೇಕಿರಲಿಲ್ಲ ಮೇಷ್ಟ್ರೇ.

ಬಿಸಿಲೂರು_ಹುಡುಗಿ · ಶನಿವಾರ ಮಧ್ಯಾಹ್ನ 2:10

ಮಸೀದಿ ನೋಡಿ ಬಂದೆ. ಬೆಳಿಗ್ಗೆ 8ರಿಂದ 11 ಮಾತ್ರ ಬೇರೆಯವರಿಗೆ ಪ್ರವೇಶ. ತಲೆ, ಕೈ, ಕಾಲು ಮುಚ್ಚಿರಬೇಕು. ಚೂಡಿದಾರ, ದುಪಟ್ಟಾ ಸಾಕಾಯಿತು. 2001ರಲ್ಲಿ ಮುಗಿದ ಕಟ್ಟಡ. ಕಟ್ಟಲು ಭಾರತದಿಂದಲೇ ಮೂರು ಲಕ್ಷ ಟನ್ ಮರಳುಗಲ್ಲು ತರಿಸಿದ್ದಾರೆ. ಒಳಗಿನ ಕಾರ್ಪೆಟ್ ಇರಾನಿನವರು ನಾಲ್ಕು ವರ್ಷ ನೇಯ್ದದ್ದು, 21 ಟನ್ ತೂಕ, 170 ಕೋಟಿ ಗಂಟು. ನಾವು ಅದರ ಮೇಲೆ ಕಾಲಿಡುವ ಹಾಗಿಲ್ಲ, ನಡೆಯಲು ಬೇರೆ ಪಟ್ಟಿ ಹಾಸಿದ್ದಾರೆ. ನಮ್ಮ ಕಲಬುರಗಿ ಕೋಟೆಯ ಜಾಮಿ ಮಸೀದಿ ನೆನಪಾಯಿತು. 1367ರದ್ದು, ಅಂಗಳವೇ ಇಲ್ಲದೆ ಪೂರ್ತಿ ಮಾಡು ಹಾಕಿದ್ದು. ಅಲ್ಲಿ ಕಮಾನು ಬಿಟ್ಟರೆ ಕಣ್ಣಿಗೆ ಬೇರೇನೂ ಇಲ್ಲ. ಇಲ್ಲಿ ಎಲ್ಲಿ ನೋಡಬೇಕು ಅಂತಲೇ ಗೊತ್ತಾಗುವುದಿಲ್ಲ. ನನಗೆ ನಮ್ಮದೇ ಇಷ್ಟ. ಪಕ್ಷಪಾತ ಅನ್ನಿ, ಅಡ್ಡಿಯಿಲ್ಲ.

ರೂವಿಯ ಅಣ್ಣಾ, ಡಕ್ಟ್ ಮೇಲೆಲ್ಲಿದೆ ಅಂತ ಹುಡುಕಿದೆ. ಕಾಣಲಿಲ್ಲ. ನಿಮ್ಮ ಗೆಳೆಯರ ಕೆಲಸ ಚೆನ್ನಾಗಿದೆ ಅಂತ ಅರ್ಥ.

ರೂವಿ_ರಾತ್ರಿಪಾಳಿ · 2:30

ಹೇಳುತ್ತೇನೆ ಅವನಿಗೆ. ಖುಷಿಪಡುತ್ತಾನೆ.

ಬೀದರ್_ಬಿದರಿ · ಭಾನುವಾರ ರಾತ್ರಿ 9:15

ನಿಜ್ವಾ ಏನಾಯಿತು ಮೇಡಂ?

ಬಿಸಿಲೂರು_ಹುಡುಗಿ · 9:50

ಹೋಗಿದ್ದೆ. ಬಸ್ಸಿನಲ್ಲಿ ಎರಡು ಗಂಟೆ ಚಿಲ್ಲರೆ. ಸುತ್ತ ಕಲ್ಲುಗುಡ್ಡ, ಧೂಳು. ನಡುವೆ ಖರ್ಜೂರದ ತೋಟ, ತೋಟದ ಪಕ್ಕ ನಿಮ್ಮ ಫಲಜ್. ಮೊಣಕಾಲಿನ ತನಕ ಬರುವಷ್ಟು ನೀರು, ತಳದ ಕಲ್ಲು ಎಣಿಸಬಹುದು. ನಾನು ಚಪ್ಪಲಿ ಬಿಟ್ಟು ಕಾಲು ಇಳಿಬಿಟ್ಟು ಕೂತೆ. ಸಣ್ಣ ಮೀನು ಬಂದು ಹಿಮ್ಮಡಿ ಕಚ್ಚುತ್ತಿದ್ದವು. ಪಕ್ಕದಲ್ಲಿ ಒಬ್ಬ ಅಜ್ಜ ತೋಟದ ಕಡೆ ನೀರು ತಿರುಗಿಸಲು ಒಂದು ಕಲ್ಲು ಎತ್ತಿ, ಹಳೆ ಬಟ್ಟೆ ಸುತ್ತಿ, ಬಾಯಿಗೆ ಇಟ್ಟ. ನಮ್ಮಪ್ಪ ಹೊಲದಲ್ಲಿ ಬೋರಿನ ನೀರು ತಿರುಗಿಸುವುದೂ ಹೀಗೇ, ಗೋಣಿ ತಟ್ಟು ಸುತ್ತಿ. ಹಿಂದೆ ಇಲ್ಲಿ ಪಾಳಿ ಲೆಕ್ಕ ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಹಂಚುತ್ತಿದ್ದರಂತೆ.

ವಾಪಸ್ ಬಂದ ಮೇಲೆ ನೌಬಾದಿಗೆ ಹೋಗಬೇಕು. ಬೀದರ್ ಅಣ್ಣಾ, ಕರೆದುಕೊಂಡು ಹೋಗುತ್ತೀರಾ? ಕಲಬುರಗಿಯಿಂದ ನೂರು ಚಿಲ್ಲರೆ ಕಿಲೋಮೀಟರ್, ಇನ್ನೂ ನೋಡಿಲ್ಲ ನಾನು.

ಬೀದರ್_ಬಿದರಿ · 9:58

ಯಾವ ಭಾನುವಾರ ಬೇಕೋ ಹೇಳಿ. ಮನೆಯವಳಿಗೂ ಹೇಳಿದ್ದೇನೆ, ಊಟ ನಮ್ಮಲ್ಲೇ.

ಆಳಂದ_ನಾಕಾ · 10:02

ನಾನೂ ಬರುತ್ತೇನೆ. ಮೇಷ್ಟ್ರನ್ನೂ ಕರೆಯಿರಿ.

ಹಿರಿಯ_ನಾಗರಿಕ · 10:10

ಗುಂಪಿನಲ್ಲಿ ಹೋಗುವುದಾದರೆ ನಾನೂ ಸಿದ್ಧ.

ಭೀಮಾತೀರ_77 · 10:15

ಮೇಡಂ, ನಾಳೆ ವಿಮಾನಕ್ಕೆ ಮುಂಚೆ ಟೈಮ್ ಇದ್ದರೆ ಮತ್ರಾ ಮೆಟ್ಟಿಲು ಇನ್ನೊಂದು ಸಲ ಎಣಿಸಿ ಬನ್ನಿ.

ಬಿಸಿಲೂರು_ಹುಡುಗಿ · ಸೋಮವಾರ ಬೆಳಿಗ್ಗೆ 8:20

ಎಣಿಸಿದೆ. ಐದು. ನೋಡುತ್ತಿದ್ದ ಹಾಗೆ ನಾಲ್ಕು.

ಚಿಂಚೋಳಿ_ಅಣ್ಣ · ಸೋಮವಾರ ರಾತ್ರಿ 9:00

ತಂಗಿ ಶಂಷಾಬಾದ್ ಮುಟ್ಟಿದಳಂತೆ, ಮೆಸೇಜ್ ಬಂತು. ತಮ್ಮನೂ ಇವತ್ತು ಅವ್ವನಿಗೆ ಫೋನ್ ಮಾಡಿದ್ದ, ತಾನಾಗಿಯೇ, ಅರ್ಧ ಗಂಟೆ. ಚಟ್ನಿ ರೂಮಿನ ಎಂಟೂ ಹುಡುಗರು ಸೇರಿ ಮುಗಿಸಿದರಂತೆ. ಖಾರ ಸ್ವಲ್ಪ ಕಡಿಮೆ ಆಯಿತು ಅಂದ.

ಬಿಸಿಲೂರು_ಹುಡುಗಿ · 9:25

ಅದನ್ನು ನಮ್ಮವ್ವನಿಗೆ ಹೇಳುವ ಧೈರ್ಯ ನನಗಿಲ್ಲ.